ತಿಪ್ಪವ್ವನ ಮೂಗು

ಹೂವಿನ ಹಿಪ್ಪರಗಿಯಿಂದ ಎರಡು ಹರದಾರಿ ದೂರದ ನಮ್ಮೂರಲ್ಲಿ ಬುದ್ಧಿವಂತರಿಗೆ ಎಂದೂ ಬರವಿಲ್ಲ. ೧೯೫೮ರಲ್ಲಿ ಬೀರಣ್ಣ ಹಗೇವಿನೊಳಗೆ ಸತ್ತಾಗ ಊರಿಗೆ ಊರೇ ಕೂತು ಕಾರಣ ಹುಡುಕಿತು. ಸಿಕ್ಕಿದ್ದು ಅವನ ಹೆಂಡತಿ ತಿಪ್ಪವ್ವನ ಕಾಲ್ಗುಣ.

ನಡೆದದ್ದು ಬೇರೆ. ಹಗೇವು ಅಂದರೆ ಜೋಳ ತುಂಬಿ ಮಣ್ಣು ಮುಚ್ಚುವ ನೆಲದಡಿಯ ಕಣಜ. ತೆರೆದ ಕೂಡಲೆ ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ತಿಪ್ಪವ್ವ ಬಗ್ಗಿ ಮೂಸಿ, "ಇನ್ನೂ ಕಮಟು ಐತಿ, ಇವತ್ತು ಬ್ಯಾಡ" ಅಂದಿದ್ದಳು. "ಹೆಂಗಸರ ಮೂಗು ಒಗ್ಗರಣಿಗೆ ಸಾಕು" ಎಂದು ಊರಿನ ಯಜಮಾನ ಸಿದ್ದರಾಯಗೌಡರು ನಕ್ಕರು. ಅವಳು ಹಿಂದೆ ಸರಿದಳು. ಇಳಿದ ಬೀರಣ್ಣ ಮೇಲೆ ಬರಲಿಲ್ಲ. ಅವನನ್ನು ಹಿಡಿಯಲು ಅರ್ಧ ಇಳಿದಿದ್ದ ತಿಪ್ಪವ್ವನನ್ನು ತುರುಬು ಹಿಡಿದು ಎಳೆದುಹಾಕಿದರು.

ಜೀವ ಉಳಿಯಿತು, ಊರೆಲ್ಲ ಕಾಲ್ಗುಣ ಕಾಲ್ಗುಣ ಅಂದದ್ದಕ್ಕೆ ತನ್ನ ಮೇಲಿನ ನಂಬಿಕೆ ಉಳಿಯಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ನೆರೆಮನೆಯ ರೇವವ್ವನನ್ನು, "ಅಕ್ಕಾ, ಬೆಂದೈತೇನು?" ಎಂದು ಕೇಳುವಳು. ರೇವವ್ವನಿಗೋ ಪರಮಾನಂದ! ಗತಿಗೆಟ್ಟವಳಿಗೆ ದಾರಿ ತೋರಿಸುವ ಪುಣ್ಯ ಪುಕ್ಕಟೆ ಸಿಗುವಾಗ ಯಾರು ಬಿಡುತ್ತಾರೆ? ರೊಟ್ಟಿ ಕಪ್ಪಗಾಗಿದ್ದರೂ, "ಇನ್ನೊಂದೀಟು ಸುಡು" ಎನ್ನುವಳು. ತಿಪ್ಪವ್ವ ಸುಡುವಳು. ಹೀಗೆ ಮೂರು ವರ್ಷ ಕರಕು ರೊಟ್ಟಿ ತಿಂದಳು.

ಆಮೇಲೆ ಗೌಡರ ಹಗೇವು ತೆರೆದರು. ಅರ್ಧ ಜೋಳ ತೆಗೆದು ಮುಚ್ಚಿದ್ದ ಹಗೇವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಗೌಡರು ಈಗ ಮೊದಲು ಕಂದೀಲು ಇಳಿಬಿಟ್ಟು, ಆರಿದರೆ ಕೆಟ್ಟ ಗಾಳಿ ಎಂದು ತಿಳಿಯುವ ಪದ್ಧತಿ ಹಿಡಿದಿದ್ದರು. ಕಂದೀಲು ಆರಲಿಲ್ಲ. ಗೌಡರು ಮೀಸೆ ತಿರುವಿದರು. ಕೂಲಿಗೆ ಬಂದ ಮಶಾಕಸಾಬ ಅಂಗಿ ಕಳಚಿದ.

ಬುಟ್ಟಿ ಹಿಡಿದು ನಿಂತಿದ್ದ ತಿಪ್ಪವ್ವನ ಮೂಗಿಗೆ ಅದೇ ಕಮಟು ಬಡಿಯಿತು. ರೂಢಿಯಂತೆ ಪಕ್ಕದಲ್ಲಿದ್ದ ರೇವವ್ವನತ್ತ ತಿರುಗಿದಳು.

"ಅಕ್ಕಾ, ಕಮಟು ವಾಸನಿ ಬರಾಕತ್ತೈತೇನು?"

"ಏನೂ ಇಲ್ಲ, ನಿನಗ ಭ್ರಮಿ" ಎಂದಳು ರೇವವ್ವ, ಮೂಗಿಗೆ ಇನ್ನೊಂದು ಚಿಟಿಕೆ ನಶ್ಯ ಏರಿಸುತ್ತ.

ತಿಪ್ಪವ್ವ ಆ ನಶ್ಯದ ಮೂಗನ್ನು ದಿಟ್ಟಿಸಿದಳು. ಮೂರು ವರ್ಷ ಇದನ್ನು ನಂಬಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು. ಸೀದಾ ಹೋಗಿ ಹಗೇವಿನ ಬಾಯಿಗೆ ಅಡ್ಡ ಕೂತಳು.

"ಮಶಾಕಣ್ಣ, ಇಳೀಬ್ಯಾಡ."

"ಕಂದೀಲು ಉರಿಯಾಕತ್ತಿಲ್ಲೇನು?" ಗೌಡರು ಗುಡುಗಿದರು.

"ನಿಮ್ಮ ಹಗ್ಗ ಎರಡ ಮೊಳ ಐತ್ರಿ ಗೌಡ್ರ. ಜೋಳ ಐತಿ ಆಳುದ್ದ ಕೆಳಗ. ಕಂದೀಲು ಬಾಗಿಲದಾಗ ನಿಂತು ನೋಡಿ ಬಂದೈತಿ, ನಿಮ್ಮಂಗ."

ಬುಟ್ಟಿಯ ಹಗ್ಗ ಬಿಚ್ಚಿ ಗೌಡರ ಹಗ್ಗಕ್ಕೆ ಗಂಟು ಹಾಕಿದಳು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಕಂದೀಲು ಇಳಿಯಿತು, ಇನ್ನೂ ಇಳಿಯಿತು, ಆರಿತು.

ಮಶಾಕಸಾಬ ಅಂಗಿ ಎದೆಗೆ ಒತ್ತಿಕೊಂಡು ಕುಸಿದು ಕೂತ. ಗೌಡರು ಗಂಟಲು ಸರಿಮಾಡಿಕೊಂಡು, "ಅವಸರ ಬ್ಯಾಡಂತ ನಾ ಮೊದಲ ಅಂದಿದ್ದೆ" ಎಂದರು. ಊರು "ಹೌದ್ರಿ, ಹೌದ್ರಿ" ಎಂದಿತು.

ತಿಪ್ಪವ್ವನಿಗೆ ಅದೊಂದೂ ಕೇಳಿಸಲಿಲ್ಲ. ಅವತ್ತೂ ನನ್ನ ಮೂಗು ಸರಿಯೇ ಇತ್ತಲ್ಲ ಎಂದುಕೊಂಡು, ಗಂಡ ಸತ್ತಾಗ ಅಳದಷ್ಟು ಅತ್ತಳು.

ಸಂಜೆ ರೇವವ್ವ ಎಂದಿನಂತೆ ಒಲೆಯ ಮುಂದೆ ಬಂದು ಕೂತಳು. "ಇನ್ನೊಂದೀಟು ಸುಡು."

ತಿಪ್ಪವ್ವ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದಳು.

"ಬೆಂದೈತಿ" ಎಂದಳು.