ಕೆಂಪು ಚೀಟಿಯ ಜೀರುಂಡೆ

ಸಂಗ್ರಹಾಲಯದ ಕೀಟ ವಿಭಾಗದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಸೊಸೆಗೆ ಅಂದು ಬೆಳಗಿನಿಂದಲೇ ಆತಂಕ. ಮೂವತ್ತು ವರ್ಷಗಳ ಹಿಂದೆ ಅವಳ ಮಾವ ಇದೇ ಕೋಣೆಯಲ್ಲಿ ಕುಳಿತು ಹೊಸ ಜಾತಿಯ ಜೀರುಂಡೆಯೊಂದಕ್ಕೆ ತೀರಿಕೊಂಡ ಹೆಂಡತಿಯ ಹೆಸರಿಟ್ಟಿದ್ದರು. ಆ ಹೆಸರಿಗೆ ಆಧಾರವಾಗಿ ಇದ್ದದ್ದು ಒಂದೇ ಒಂದು ಹುಳು. ಸೂಜಿಗೆ ಚುಚ್ಚಿ, ಹೆಸರಿನ ಮೂಲ ಮಾದರಿ ಇದೇ ಎಂಬ ಗುರುತಿಗೆ ಕೆಳಗೆ ಕೆಂಪು ಚೀಟಿ ಪೋಣಿಸಿದ್ದು.

ಅಚ್ಚಾದ ಚಿತ್ರ ನೋಡಿ ‘ತಲೆಗೂ ಮೈಗೂ ತಾಳೆಯಾಗುತ್ತಿಲ್ಲ’ ಎಂದು ಕಾಗದ ಬರೆದಿದ್ದ ಸಂಶೋಧಕಿ ಈಗ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಳು. ಬೇಡವೆಂದರೂ ಹಟಹಿಡಿದು ಬಂದ ಮಾವ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

“ಕತ್ತಿನ ಹತ್ರ ಅಂಟು ಕಾಣಿಸ್ತಿದೆ ಮೇಡಂ,” ಎಂದಳು ಸಂಶೋಧಕಿ. “ಒಂದು ಹನಿ ಬಿಸಿನೀರು ಬಿಟ್ರೆ ಅಂಟು ಕರಗಿ ಗೊತ್ತಾಗುತ್ತೆ. ನೀವು ಒಪ್ಪಬೇಕು.”

ಸೊಸೆ ಮಾವನತ್ತ ತಿರುಗಿದಳು. ತಲೆ ಬೇರೆ ಹುಳುವಿನದಾದರೆ ಮಾವ ಮೋಸ ಮಾಡಿದರೆಂದು ನಾಲ್ಕು ಜನ ಆಡಿಕೊಳ್ಳುವುದು ಖಂಡಿತ.

“ಏನ್ಮಾಡ್ಲಿ ಮಾವ?”

“ನನ್ನನ್ಯಾಕೆ ಕೇಳ್ತೀಯಮ್ಮ? ಬೀಗದ ಕೈ ಈಗ ನಿನ್ನ ಹತ್ರ ಇದೆ.”

ಅವಳು ಕುಂಚದ ತುದಿಯಿಂದ ತಾನೇ ಹನಿ ಬಿಟ್ಟಳು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಲೆ ಮೆಲ್ಲಗೆ ಜಾರಿ ಬಿಳಿ ಕಾಗದದ ಮೇಲೆ ಬಿತ್ತು. ಕತ್ತಿನ ಗುಳಿ ಒಂದು ಅಳತೆ, ತಲೆಯದು ಇನ್ನೊಂದು.

“ಚಿತ್ರ ಬರೀವಾಗ ಕೈತಪ್ಪಿ ತಲೆ ಕಳಚಿತು,” ಮಾವನ ದನಿ ಕುಗ್ಗಿತ್ತು. “ತಟ್ಟೇಲಿ ಬೇರೆ ಮುರುಕು ಹುಳುಗಳೂ ಇದ್ವು. ಸಿಕ್ಕಿದ್ದನ್ನೇ ಇದರದ್ದು ಅಂದ್ಕೊಂಡು ಅಂಟಿಸ್ದೆ. ಲೇಖನ ಅಚ್ಚಾದ ಮೇಲೆ ಅನುಮಾನ ಬಂತು. ನಿಮ್ಮತ್ತೆ ಹೆಸರು ಅಳಿಸಿಹೋಗುತ್ತೇನೋ ಅಂತ ಬಾಯಿ ಬಿಡ್ಲಿಲ್ಲ. ಪಾಪ, ಅವಳಿಗೆ ಹುಳ ಕಂಡ್ರೇ ಆಗ್ತಿರ್ಲಿಲ್ಲ.”

ಸಂಶೋಧಕಿ ಮೈಯನ್ನು ಮತ್ತೆ ಮಸೂರದಡಿ ಇಟ್ಟಳು. ರೆಕ್ಕೆಯ ಗೆರೆ, ಕಾಲಿನ ಮುಳ್ಳು ಎಲ್ಲವನ್ನೂ ತಾನು ತಂದ ಹುಳುಗಳ ಜೊತೆ ಹೋಲಿಸುತ್ತಾ ಹೋದಳು. ಗಂಟೆ ಕಳೆಯಿತು. ಸೊಸೆಗೆ ಕೂರಲೂ ಆಗದು, ನಿಲ್ಲಲೂ ಆಗದು.

ಕೊನೆಗೆ ಸಂಶೋಧಕಿ ತಲೆಯೆತ್ತಿದಳು. “ಈ ಮೈ ಗೊತ್ತಿರೋ ಬೇರೆ ಯಾವ ಜಾತೀನೂ ಹೋಲ್ತಿಲ್ಲ ಸಾರ್. ಹೆಸರು ಮೈಗೆ ನಿಲ್ಲುತ್ತೆ. ಆದ್ರೆ ತಲೆ ಇದರದ್ದಲ್ಲ ಅಂತ ಅಚ್ಚಾಗ್ಲೇಬೇಕು.”

“ನಾನೇ ಬರ್ಕೊಡ್ತೀನಿ,” ಎಂದರು ಮಾವ.

ಸೊಸೆ ತಲೆಯನ್ನು ಪುಟ್ಟ ಶೀಶೆಗೆ ಹಾಕಿ ಬೇರೆ ಚೀಟಿ ಬರೆದಳು.

ಸಂಜೆ ಮನೆಯಲ್ಲಿ ಮಾವ ಮಗನನ್ನು ಎದುರಿಗೆ ಕೂರಿಸಿಕೊಂಡು ಜೀರುಂಡೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಅವಳು ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. ಒಂದು ಮಾತನ್ನೂ ಅವರು ಮುಚ್ಚಿಡಲಿಲ್ಲ.