ಚಿಕ್ಕಿಯ ಬೆನ್ನ ಮೇಲೊಂದು ಕೊಡೆ

ನಾನೊಂದು ಕೊಡೆ. ಕರಿ ಬಟ್ಟೆ, ಎಂಟು ಕಡ್ಡಿ, ಬಾಗಿದ ಹಿಡಿ. ನನ್ನನ್ನು ಹೊಲಿದಾತ ಒಮ್ಮೆ ಬಿಚ್ಚಿ, ಒಮ್ಮೆ ಮುಚ್ಚಿ ನೋಡಿ, "ಬಿಸಲಿಗೆ ನೀನಾ ದೊರಿ" ಎಂದು ಪಕ್ಕಕ್ಕಿಟ್ಟ. ಆ ಮಾತನ್ನು ನಾನು ನಂಬಿಬಿಟ್ಟೆ. ನನ್ನ ಹೊಟ್ಟೆಯುರಿಗೆಲ್ಲ ಅದೇ ಮೂಲ.

ನನ್ನನ್ನು ಕೊಂಡವನು ಹಿಟ್ಟಿನ ಗಿರಣಿಯ ಸೋಮಣ್ಣ. ಅವನು ಹಗಲೆಲ್ಲ ಗಿರಣಿಯೊಳಗೇ ಇರುತ್ತಿದ್ದ. ನಾನು ಮೊಳೆಗೆ ಜೋತುಬಿದ್ದು, ಹಿಟ್ಟು ಮೆತ್ತಿಕೊಂಡು ಬೆಳ್ಳಗಾದೆ. ಮಗಳು ನಿಂಬೆವ್ವನನ್ನು ಕುರಿಗಾರರ ಮನೆಗೆ ಕೊಟ್ಟಾಗ ನನ್ನನ್ನು ಜಾಡಿಸಿ ಅವಳ ಕೈಗಿತ್ತ. "ಇನ್ನ ಬಿಸಲಾಗ ತಿರಗೂದ ಐತಿ, ಇರ್ಲಿ ತಗೋ" ಎಂದ. ಅವಳ ಮಾವ ಮಾಳಪ್ಪ ಸೊಸೆಗೊಂದು ಹೆಣ್ಣುಕುರಿ ಉಡುಗೊರೆ ಕೊಟ್ಟ. ಬಿಳಿ ಮೈ, ಹಣೆಯಲ್ಲಿ ಕರಿ ಚುಕ್ಕೆ. ಹೆಸರು ಚಿಕ್ಕಿ.

ಮಂದೆಯ ಜೊತೆ ಬಯಲಿಗೆ ಹೋದ ಮೇಲೆ ನನಗೆ ಲೋಕ ಗೊತ್ತಾಯಿತು. ಅಲ್ಲಿ ಯಾರಿಗೂ ನನ್ನ ಹಂಗಿಲ್ಲ. ಎಮ್ಮೆ ಕೆಸರಲ್ಲಿ ಹೊರಳಿ, ಮೈತುಂಬ ಮಣ್ಣು ಮೆತ್ತಿಕೊಂಡು, ಮಹಾರಾಣಿಯ ಹಾಗೆ ಎದ್ದು ಬರುತ್ತದೆ. ನಾಯಿ ಬಂಡೆಯ ಬುಡ ಕೆರೆದು ತಂಪು ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗುತ್ತದೆ. ಹೊತ್ತು ಇಳಿಯುವವರೆಗೆ ಮೊಲ ಪೊದೆ ಬಿಟ್ಟು ಬರುವುದೇ ಇಲ್ಲ. ಕುರಿಗಳಂತೂ ಸೂರ್ಯ ನೆತ್ತಿಗೇರಿದರೆ ಗುಂಪುಗೂಡಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ. ಮೇಲೆ ಉಣ್ಣೆ, ಕೆಳಗೆ ನೆರಳು. ನಾನು ಸೂಜಿ ಚುಚ್ಚಿಸಿಕೊಂಡು ಕೊಡೆಯಾದೆ, ಅವು ಕೊಡೆ ಹೊತ್ತುಕೊಂಡೇ ಹುಟ್ಟಿದವು. ಅದರಲ್ಲೂ ಚಿಕ್ಕಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ನಿಂಬೆವ್ವ ನನ್ನನ್ನು ಕಂಕುಳಲ್ಲಿ ಅದುಮಿಕೊಂಡು, ಎರಡೂ ಕೈಯಿಂದ ಅದರ ಉಣ್ಣೆ ಸವರುತ್ತಿದ್ದಳು.

ಬೇಸಿಗೆ ಕಾದಿತ್ತು. ಮಾಳಪ್ಪ ಜೋಳ ತರಲು ಊರಿಗೆ ಹೋಗಿದ್ದ. ಗಬ್ಬದ ಚಿಕ್ಕಿ ಏದುಸಿರು ಬಿಡುವುದನ್ನು ನೋಡಿ ನಿಂಬೆವ್ವನಿಗೆ ತಡೆಯಲಾಗಲಿಲ್ಲ. ಗಿರಣಿಯ ನೆರಳಲ್ಲಿ ಬೆಳೆದವಳು. ಸೆಕೆಯಾದರೆ ಹೊದಿಕೆ ತೆಗೆಯಬೇಕು ಎಂಬುದಷ್ಟೇ ಅವಳಿಗೆ ಗೊತ್ತು. "ಇಂಥಾ ಬಿಸಲಾಗ ಕಂಬಳಿ ಹೊತ್ಕೊಂಡು ಹೆಂಗ ನಿಂದರ್ತಿ ನನ ತಾಯಿ" ಎನ್ನುತ್ತ ಕತ್ತರಿ ತಂದು, ತೊಗಲು ಕಾಣುವಂತೆ ನುಣ್ಣಗೆ ಕತ್ತರಿಸಿದಳು. ಉಣ್ಣೆ ಉದುರುವುದನ್ನು ನೋಡಿ ನಾನು ಒಳಗೊಳಗೇ ಕುಣಿದೆ. ಇಳಿಯಲಿ ಸೊಕ್ಕು ಅಂದುಕೊಂಡೆ.

ಮರುದಿನ ಸಂಜೆ ಮಾಳಪ್ಪ ಬರುವಷ್ಟರಲ್ಲಿ ಚಿಕ್ಕಿಯ ಬೆನ್ನು ಕೆಂಪಗೆ ಬೆಂದು ಬೊಬ್ಬೆ ಎದ್ದಿತ್ತು. ಮೇವು ಮುಟ್ಟದೆ ತಲೆ ಜೋಲಿಸಿ ನಿಂತಿತ್ತು.

"ಏನ್ ಮಾಡಿದಿ ಯವ್ವಾ" ಎಂದು ಮಾಳಪ್ಪ ಅಲ್ಲೇ ಕುಕ್ಕರಿಸಿದ. "ಉಣ್ಣೆ ಬರೇ ಚಳಿಗಲ್ಲ. ಬಿಸಲು ತೊಗಲಿಗೆ ತಾಕದಂಗ ಅದಾ ತಡಿತೈತಿ. ಬ್ಯಾಸಗಿ ಹತ್ತಿದ ಮ್ಯಾಲ ನಾವು ಕತ್ತರಿ ಮುಟ್ಟಂಗಿಲ್ಲ."

"ನನಗ ಗೊತ್ತಿರ್ಲಿಲ್ರಿ ಮಾವಾ. ಉಳಿತೈತೇನ್ರಿ ಇದು?"

"ನೆರಳಾಗಿದ್ರ ತಾಯಿ, ಮರಿ ಎರಡೂ ಉಳಿತಾವು. ಈ ಬಯಲಾಗ ನೆರಳ ಎಲ್ಲಿಂದ ತರೂನು?"

ನಿಂಬೆವ್ವ ನನ್ನ ಕಡೆ ನೋಡಿದಳು.

ಬೆಳಗಾದದ್ದೇ ನನ್ನನ್ನು ಬಿಚ್ಚಿ ಚಿಕ್ಕಿಯ ಮೇಲೆ ಹಿಡಿದು, ತಾನು ಬಿಸಿಲಲ್ಲಿ ನಡೆದಳು. ದಾರಿಹೋಕರು ಕುರಿಗೂ ಕೊಡೆ ಬಂತೆಂದು ನಕ್ಕರು. ಅವಳ ಕತ್ತು ಸುಟ್ಟು ಕರ್ರಗಾಯಿತು, ನನ್ನನ್ನು ಮಾತ್ರ ತನ್ನ ಕಡೆ ವಾಲಿಸಲಿಲ್ಲ. ನನಗೋ ಹಿಗ್ಗು. ಕೊನೆಗೂ ಆ ಜಂಬದ ಕುರಿ ನನ್ನ ಹಂಗಿಗೆ ಬಿದ್ದಿತ್ತು.

ಆದರೆ ಗಾಯ ಮಾಗಿ, ಸಣ್ಣಗೆ ಉಣ್ಣೆ ಚಿಗುರತೊಡಗಿತು. ನನಗೆ ಮತ್ತೆ ಹೊಟ್ಟೆಕಿಚ್ಚು. ಬೆಳೆಯದಿರಲಿ ಎಂದು ಎಷ್ಟು ಹರಕೆ ಹೊತ್ತರೂ ಅದು ಬೆಳೆಯಿತು. ಚಿಕ್ಕಿ ಮರಿ ಹಾಕಿದಾಗ ನಿಂಬೆವ್ವ ಖುಷಿಯಲ್ಲಿ ನನ್ನನ್ನು ಮಡಚಿ ಗಂಟಿನೊಳಗೆ ತುರುಕಿದಳು.

ಈಗ ನನಗೆ ವಯಸ್ಸಾಗಿದೆ. ಬಟ್ಟೆಯೆಲ್ಲ ಗಾಳಿಗೆ ಹರಿದುಹೋಗಿದೆ. ಮರಿಗಳ ದೊಡ್ಡಿಯ ಗೂಟಕ್ಕೆ ನನ್ನನ್ನು ಬಿಚ್ಚಿದಂತೆಯೇ ಕಟ್ಟಿ, ಕಡ್ಡಿಗಳಿಗೆ ಬುತ್ತಿಯ ಗಂಟು ತೂಗುಹಾಕುತ್ತಾರೆ.

ಮೊನ್ನೆ ಮಧ್ಯಾಹ್ನ ಮಂದೆ ಎಂದಿನಂತೆ ಗುಂಪುಗೂಡಿತು. ಚಿಕ್ಕಿ ಮಾತ್ರ ಗುಂಪು ಬಿಟ್ಟು ಬಂದು ನನ್ನ ಕೆಳಗೆ ತಲೆ ತೂರಿಸಿ ನಿಂತಿತು. ನನ್ನಲ್ಲಿ ನೆರಳೆಲ್ಲಿ ಉಳಿದಿದೆ? ನೆಲದ ಮೇಲೆ ಬಿದ್ದದ್ದು ಬರೀ ಕಡ್ಡಿಗಳ ಗೆರೆ. ಹೇಳೋಣವೆಂದರೆ ನನಗೆ ಬಾಯಿಲ್ಲ. ಅದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದರ ಈ ವರ್ಷದ ಮರಿ ಓಡಿಬಂದು ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಅದಕ್ಕೆ ನಿಜವಾದ ನೆರಳು ಸಿಕ್ಕಿತು.

ಆ ನೆರಳು ಕಂಡು ನನಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ಆ ನೆರಳು ಕೊಟ್ಟ ಚಿಕ್ಕಿ ಬದುಕಿ ಬಂದದ್ದು ನನ್ನ ಕೆಳಗೆ.