ಗಾಡಿಗೆ ಬಂದ ಜ್ವರ

ಡೀಸೆಲ್ ವಾಸನೆ ತಗುಲಿದರೆ ರೇಷ್ಮೆ ಹುಳ ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಮೇಲೂರಿನ ಆ ಮನೆಯಲ್ಲಿ, ಜೆಸಿಬಿ ಓಡಿಸುವ ವೇಣು ಹುಳದ ಮನೆಯೊಳಗೆ ಕಾಲಿಡುತ್ತಿದ್ದುದು ಗಾಡಿ ಕೆಟ್ಟು ನಿಂತ ದಿನಗಳಲ್ಲಿ ಮಾತ್ರ. ಚಿಕ್ಕಬಳ್ಳಾಪುರದಿಂದ ಮೆಕ್ಯಾನಿಕ್ ಬರಬೇಕು, ಅವನು ಹೇಳಿದ ಸಾಮಾನು ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ವೇಣು ಚೆನ್ನಾಗಿ ಮೈ ತಿಕ್ಕಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಹೆಂಡತಿ ರೂಪಳ ಎದುರಿಗೆ ಕೂತು ತಟ್ಟೆಗೆ ಸೊಪ್ಪು ಹರಡುತ್ತಿದ್ದ. ತರಗೆಲೆಯ ಮೇಲೆ ಯಾರೋ ಮೆಲ್ಲಗೆ ನಡೆದುಹೋದ ಹಾಗೆ ಹುಳ ಮೇಯುವ ಸದ್ದು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಗಾಡಿ ಕೆಡಲಿ ಎಂದುಕೊಳ್ಳುವುದು ತಪ್ಪು ಎಂದು ರೂಪಳಿಗೂ ಗೊತ್ತು. ಆದರೂ ಅವನು ಹಗಲು ಹೊತ್ತಿನಲ್ಲಿ ಬಂದು ಬೀಗದ ಕೈಯನ್ನು ಗೂಟಕ್ಕೆ ಹಾಕಿದರೆ ಅವಳ ಮುಖ ಅರಳುತ್ತಿತ್ತು.

ಗಾಡಿಯ ಮಾಲೀಕ ಮುರಳಿಮೋಹನ್ ಒಂದು ಬೆಳಿಗ್ಗೆ ಮನೆಗೇ ಬಂದು ಜಗಲಿಯ ಮೇಲೆ ಕೂತ.

"ನೋಡಪ್ಪ ವೇಣು, ಗಾಡಿ ನಿಂತ್ರೆ ನಂಗೆ ಬಾಡಿಗೆ ಹೋಗುತ್ತೆ, ನಿಂಗೆ ಕೂಲಿ ಹೋಗುತ್ತೆ. ಆ ಮೆಕ್ಯಾನಿಕ್ಕು ಫೋನೇ ಎತ್ತಲ್ಲ. ಪುಣೆ ಹತ್ರ ಒಂದೂವರೆ ತಿಂಗಳು ಟ್ರೈನಿಂಗ್ ಕೊಡ್ತಾರಂತೆ, ರಿಪೇರಿದು. ಫೀಸು ನಂದು. ಎಲ್ಲಾ ತೂಗಿ ನೋಡಿದೀನಿ. ಒಂದು ವರ್ಷ ಗಾಡಿ ನಿಲ್ದೆ ಓಡಿದ್ರೆ ಹಾಕಿದ್ದು ವಾಪಸ್ ಬರುತ್ತೆ."

"ಅಲ್ಲೀಗಂಟ ಗಾಡಿ ಯಾರು ಓಡಿಸ್ತಾರಣ್ಣ?"

"ಬಯ್ಯಪ್ಪ ಓಡಿಸ್ತಾನೆ. ಅವ್ನು ಗ್ರೀಸ್ ಡಬ್ಬಿ ಮುಖಾನೂ ನೋಡೋನಲ್ಲ. ನೀನು ಬರೋ ಹೊತ್ಗೆ ರಿಪೇರಿ ಮಾಡೋಕೆ ಕೆಟ್ಟ ಗಾಡಿ ರೆಡಿ ಇರುತ್ತೆ ಬಿಡು!"

ಒಳಗಿನಿಂದ ವೇಣುವಿನ ತಾಯಿ ಗಂಗುಲಮ್ಮ ಕೂಗಿದಳು: "ಪೋಯಿ ನೇರ್ಚುಕೋ ನಾಯನಾ, ಹೋಗಿ ಕಲ್ತ್ಕೊಂಡು ಬಾ. ಕಲ್ತ ಕೈ ಉಪವಾಸ ಇರಲ್ಲ."

"ನೀನೇನಂತೀಯಮ್ಮ?" ಮುರಳಿಮೋಹನ್ ರೂಪಳನ್ನು ಕೇಳಿದ.

ರೂಪ ಗಂಡನ ಮುಖ ನೋಡಿದಳು. ಮೆಕ್ಯಾನಿಕ್ ಬಂದಾಗಲೆಲ್ಲ ವೇಣು ಅವನ ಬೆನ್ನ ಹಿಂದೆ ಟಾರ್ಚು ಹಿಡಿದು ಬಗ್ಗಿ ನಿಲ್ಲುತ್ತಿದ್ದ. 'ಲೈಟ್ ಹಿಡಿ ಸಾಕು, ಕೈ ಹಾಕ್ಬೇಡ' ಎಂದು ಬೈಸಿಕೊಳ್ಳುತ್ತಿದ್ದ. ಆಗಿನ ಅವನ ಕಣ್ಣು ಅವಳಿಗೆ ನೆನಪಿತ್ತು. ಈಗಲೂ ಅದೇ ಕಣ್ಣು. ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಹೋಗ್ಬರ್ಲಿ ಬಿಡಣ್ಣ."

ವೇಣು ಹೋಗಿ ಕಲಿತು ಬಂದ. ಮಾಲೀಕನ ಎಣಿಕೆ ಸುಳ್ಳಾಗಲಿಲ್ಲ. ಗಾಡಿಯ ಸದ್ದು ಒಂದಿಷ್ಟು ಬೇರೆಯಾದರೂ ವೇಣು ಇಳಿದು ನೋಡುತ್ತಿದ್ದ, ಅಲ್ಲೇ ಸರಿ ಮಾಡಿ ಹತ್ತುತ್ತಿದ್ದ. ಗಾಡಿ ನಿಲ್ಲುವುದೇ ನಿಂತಿತು. ಕೆಲಸವಿಲ್ಲದ ದಿನ ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಬೇರೆ ಗಾಡಿಯವರು ಬಂದು ಕರೆದೊಯ್ದರು. ಹುಳದ ಮನೆಗೆ ಹೊಸ ಶೀಟು ಬಿತ್ತು. ಆದರೆ ಆ ಶೀಟಿನ ಕೆಳಗೆ ಅವನು ಒಂದು ದಿನವೂ ಕೂರಲಿಲ್ಲ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಸಂಜೆ ಬಂದವನು ಕಿಟಕಿಯ ಬಲೆಯಾಚೆ ದೂರದಲ್ಲೇ ನಿಲ್ಲುತ್ತಿದ್ದ.

"ಎಷ್ಟನೇ ಜ್ವರ ಕಣೇ?"

ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಮನೆಯವರೂ ಒಂದಿಷ್ಟು ಸೊಂಟ ನೆಟ್ಟಗೆ ಮಾಡುತ್ತಾರೆ.

"ನಾಲ್ಕನೇದು," ಎಂದಳು ರೂಪ. "ನಿಮ್ಮ ಗಾಡಿಗೆ ಒಂದು ಜ್ವರಾನೂ ಬರಲ್ವಲ್ಲ ರೀ."

ತಮಾಷೆಗೆಂದು ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ತಮಾಷೆಯಾಗಿ ಉಳಿದಿರಲಿಲ್ಲ. ವೇಣು ನಗಲಿಲ್ಲ.

"ಬರ್ಬೇಕು ಕಣೇ. ಅಲ್ಲಿ ಮೊದ್ಲು ಹೇಳ್ಕೊಟ್ಟಿದ್ದೇ ಅದು. ತಾನಾಗಿ ನಿಲ್ಲೋಕೆ ಮುಂಚೆ ನಾವೇ ನಿಲ್ಲಿಸ್ಬೇಕು, ಆಯಿಲ್ಲು ಫಿಲ್ಟರು ನೋಡ್ಬೇಕು ಅಂತ. ಓಡ್ತಿರೋದನ್ನ ಯಾಕೋ ನಿಲ್ಲಿಸ್ತೀಯ ಅಂತಾನೆ ಮುರಳಣ್ಣ."

"ಜ್ವರದ ಹುಳಕ್ಕೆ ಬಿಡುವು ಕೊಡ್ದೆ ಸೊಪ್ಪು ಹಾಕಿದ್ರೆ ಬೆಳೆಯೇ ಹಾಳಾಗಲ್ವಾ ಅಂತ ಕೇಳಿ ಅವ್ರನ್ನ. ಅವ್ರ ಮನೇಲೂ ಮೇಯಿಸ್ತಾರಲ್ಲ."

ಹುಳ ಹಣ್ಣಾಗಿ, ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಬಂತು. ಬೆಳಿಗ್ಗೆ ರೂಪ ಬಾಗಿಲು ತೆಗೆದಾಗ ಗಾಡಿ ಬೀದಿಯಂಚಿನಲ್ಲಿ ನಿಂತೇ ಇತ್ತು. ವೇಣು ಅದರಡಿಯಲ್ಲಿ ಮಲಗಿದ್ದ. ಪಕ್ಕದಲ್ಲಿಟ್ಟಿದ್ದ ಫೋನಿನಿಂದ ಮುರಳಿಮೋಹನನ ದನಿ ಬೀದಿಗೆಲ್ಲ ಕೇಳುತ್ತಿತ್ತು.

"ಎಲ್ಲಿದ್ದೀಯೋ? ಕೆಂಚಾರ್ಲಹಳ್ಳಿಯೋರು ಕಾಯ್ತಾವ್ರೆ!"

"ಗಾಡಿ ಜ್ವರಕ್ಕೆ ಕೂತದೆ ಅಣ್ಣ."

"ಆಂ? ಕೆಟ್ಟೋಯ್ತಾ?"

"ಇಲ್ಲ. ಕೆಡಬಾರ್ದು ಅಂತ. ನೀವೇ ಫೀಸ್ ಕಟ್ಟಿ ಕಲಿಸಿದ್ದು."

"ನಾಳೆ ಎದ್ದೇಳುತ್ತೇನೋ?"

"ಎದ್ದೇಳುತ್ತೆ."

"ಥೂ ನಿನ್ನ! ಕಲಿಸಿದ್ದೇ ತಪ್ಪಾಯ್ತು," ಎಂದು ಮುರಳಿಮೋಹನ್ ಫೋನಿಟ್ಟ.

ಬಾಗಿಲಲ್ಲಿ ರೂಪ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಸೀಗೇಪುಡಿ, ನಿಂಬೆಹಣ್ಣು ಎಲ್ಲ ತಿಕ್ಕಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ವೇಣು ಹುಳದ ಮನೆಯ ಬಾಗಿಲಿಗೆ ಬಂದ. ಒಳಗೆ ಗಂಗುಲಮ್ಮ ಹಣ್ಣು ಹುಳ ಆರಿಸುತ್ತಿದ್ದಳು. ವೇಣು ಎರಡೂ ಅಂಗೈ ಮುಂದೆ ಚಾಚಿದ. ರೂಪ ಬಗ್ಗಿ ಮೂಸಿದಳು. ಸೀಗೆ, ನಿಂಬೆ, ಅದರಡಿಯಲ್ಲಿ ಎಲ್ಲೋ ಗ್ರೀಸು. ಬಿಟ್ಟುಬಿಡಬಹುದು ಅನ್ನಿಸುವಷ್ಟು ಸಣ್ಣಗೆ. ಅವಳು ಇನ್ನೊಮ್ಮೆ ಮೂಸಿದಳು, ಅಷ್ಟು ಹೊತ್ತು ಆ ಕೈ ಹಿಡಿದಿರಬಹುದೆಂದೇ.

"ಇದೆ ರೀ."

"ಸ್ವಲ್ಪಾನಾ?"

"ಸ್ವಲ್ಪ."

ಅವಳು ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ತಂದು ಅವನ ಅಂಗೈಗೆ ತುರುಕಿದಳು. "ಇದನ್ನ ಹಿಸುಕಿ ತಿಕ್ಕಿ. ಇನ್ನೊಂದ್ಸಲ ತೊಳ್ಕೊಂಡು ಬನ್ನಿ. ಹೊತ್ತಿದೆ."

ವೇಣು ನಲ್ಲಿಯ ಕಡೆ ಹೋದ. ಹಿಂದಿನಿಂದ ಗಂಗುಲಮ್ಮ "ಏಯ್ ರೂಪ, ಹುಳ ಬಾಯಲ್ಲಿ ನೂಲು ಬಿಡ್ತಾವೆ, ಬಾರೇ" ಎಂದು ಕರೆಯುತ್ತಿದ್ದಳು. ತನ್ನೆದುರಿನ ಚಂದ್ರಿಕೆಯನ್ನು ಅವನಿಗೆಂದು ಖಾಲಿ ಬಿಟ್ಟು, ರೂಪ ನೀರಿನ ಸದ್ದು ನಿಲ್ಲುವುದನ್ನೇ ಕಾಯುತ್ತ ಕಿಟಕಿಯ ಬಲೆ ಹಿಡಿದು ನಿಂತಳು.